ಯಂತ್ರಕ್ಕೆ ನಾಯ್ಸ್ ಬೇಕು ಅಂದ ಟ್ಯೂರಿಂಗ್

ಫಸ್ಟ್ ಇಯರ್ ಸಿ ಲ್ಯಾಬ್ ನೆನಪಿದೆಯಾ? ದಾಳ ಹಾಕುವ ಪ್ರೋಗ್ರಾಮ್ ಬರೆದು ಲಿನಕ್ಸ್ ಮೆಷಿನ್‌ನಲ್ಲಿ ರನ್ ಮಾಡಿದರೆ ರ‍್ಯಾಂಡ್ ಫಂಕ್ಷನ್ ಮೊದಲು ಕೊಡುವ ಸಂಖ್ಯೆ 1804289383. ಇನ್ನೊಂದು ಸಲ ರನ್ ಮಾಡಿದರೂ ಅದೇ. ಪಕ್ಕದ ಮೆಷಿನ್‌ನಲ್ಲೂ ಅದೇ. ಸೀಡ್ ಕೊಡದೇ ಇದ್ದರೆ ಹೀಗೇ ಆಗೋದು, ಟೈಮ್ ಅನ್ನು ಸೀಡ್ ಮಾಡಿ ಅಂತ ಹೇಳ್ತಾರೆ, ನಾವೂ ಒಂದು ಲೈನ್ ಸೇರಿಸಿ ರೆಕಾರ್ಡ್‌ಗೆ ಸೈನ್ ಹಾಕಿಸಿಕೊಂಡು ಬರ್ತೀವಿ. ಈ ವರ್ಷ ಓಎಸ್ ಓದುವಾಗ ಲಿನಕ್ಸ್ ಕರ್ನಲ್‌ನ ಸೋರ್ಸ್ ತೆಗೆದು ನೋಡ್ತಿದ್ದೆ. ಡ್ರೈವರ್‌ಗಳ ನಡುವೆ ಹಾರ್ಡ್‌ವೇರ್ ರ‍್ಯಾಂಡಮ್ ನಂಬರ್ ಜನರೇಟರ್‌ಗಳಿಗೆ ಅಂತಲೇ ಒಂದು ಪ್ರತ್ಯೇಕ ಫೋಲ್ಡರ್ ಇದೆ. ಚಿಪ್‌ನ ಒಳಗಿನ ಎಲೆಕ್ಟ್ರಾನಿಕ್ ನಾಯ್ಸನ್ನು ಬಿಟ್‌ಗಳಾಗಿ ಮಾಡಿ ಓಎಸ್‌ಗೆ ತಂದು ಕೊಡೋದು ಈ ಡ್ರೈವರ್‌ಗಳ ಕೆಲಸ. ಸಿಗ್ನಲ್ಸ್ ಕ್ಲಾಸಿನಲ್ಲಿ ನಾಯ್ಸನ್ನು ಹೇಗೆ ತೆಗೆಯೋದು ಅಂತ ಹೇಳಿಕೊಡ್ತಾರೆ, ಇಲ್ಲಿ ನೋಡಿದರೆ ಅದನ್ನೇ ಕರೆದು ಕೂರಿಸ್ತಿದ್ದಾರೆ.

ಇದರ ಹಿಂದಕ್ಕೆ ಹೋಗ್ತಾ ಹೋದರೆ 1951ರ ಒಂದು ಕಂಪ್ಯೂಟರ್ ಸಿಗುತ್ತದೆ. ಆ ಕಂಪ್ಯೂಟರಿಗೆ ನಾಯ್ಸ್‌ನಿಂದ ಸಂಖ್ಯೆ ಕೊಡುವ ಒಂದು ಇನ್‌ಸ್ಟ್ರಕ್ಷನ್ ಬೇಕೇ ಬೇಕು ಅಂತ ಪಟ್ಟು ಹಿಡಿದವರು ಅಲನ್ ಟ್ಯೂರಿಂಗ್. ಟ್ಯೂರಿಂಗ್ ಮೆಷಿನ್, ಟ್ಯೂರಿಂಗ್ ಟೆಸ್ಟ್ ಎಲ್ಲರಿಗೂ ಗೊತ್ತು, ಎನಿಗ್ಮಾ ಮೇಲಿನ ಸಿನಿಮಾನೂ ನೋಡಿರ್ತೀರಿ. ಆದರೆ ಈ ನಾಯ್ಸ್‌ನ ಕಡೆಯಿಂದ ಅವರ ಜೀವನ ನೋಡಿದರೆ ಅದು ಸ್ವಲ್ಪ ಬೇರೆ ಥರ ಕಾಣುತ್ತದೆ.

ಮೊದಲು ನಮ್ಮ ಕಡೆಯ ವಿಷಯ. ಟ್ಯೂರಿಂಗ್ ತಾಯಿ ಈಥೆಲ್ ಸಾರಾ ಸ್ಟೋನಿ ಹುಟ್ಟಿದ್ದು ಕೊಯಮತ್ತೂರು ಹತ್ತಿರದ ಪೋದನೂರಿನಲ್ಲಿ. ಅವರ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಚೀಫ್ ಎಂಜಿನಿಯರ್. ತುಂಗಭದ್ರಾ ನದಿಗೆ ರೈಲ್ವೆ ಸೇತುವೆ ಕಟ್ಟಿಸಿದವರು ಅವರೇ. ಪಂಖಾ ಎಳೆಯುವಾಗ ಕಿರ್ ಕಿರ್ ಅನ್ನದ ಹಾಗೆ ಸದ್ದಿಲ್ಲದೆ ತಿರುಗುವ ಒಂದು ಚಕ್ರಕ್ಕೆ ಪೇಟೆಂಟನ್ನೂ ತೆಗೆದುಕೊಂಡಿದ್ದರು. ತಾತ ಸದ್ದು ತೆಗೆಯೋಕೆ ಪೇಟೆಂಟ್ ಮಾಡಿಸಿದರೆ, ಮೊಮ್ಮಗ ಸದ್ದನ್ನೇ ಯಂತ್ರದ ಒಳಗೆ ತರಬೇಕು ಅಂದ! ಅದೇ ಮನೆತನದ ದೂರದ ಸಂಬಂಧಿ ಜಾರ್ಜ್ ಜಾನ್‌ಸ್ಟೋನ್ ಸ್ಟೋನಿ 1891ರಲ್ಲಿ ಎಲೆಕ್ಟ್ರಾನ್ ಅನ್ನುವ ಹೆಸರು ಕೊಟ್ಟ ವಿಜ್ಞಾನಿ. ಟ್ಯೂರಿಂಗ್ ತಂದೆ ಜೂಲಿಯಸ್ ಇಂಡಿಯನ್ ಸಿವಿಲ್ ಸರ್ವಿಸ್‌ನಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಅಧಿಕಾರಿ. ಆಗ ಆ ಪ್ರೆಸಿಡೆನ್ಸಿಗೇ ಸೇರಿದ್ದ ನಮ್ಮ ಬಳ್ಳಾರಿಯಲ್ಲೂ, ಪಕ್ಕದ ಕರ್ನೂಲಿನಲ್ಲೂ ಕೆಲಸ ಮಾಡಿದ್ದರು.

ಮಗು ಹುಟ್ಟಿದ್ದು ಮಾತ್ರ ಲಂಡನ್‌ನಲ್ಲಿ, 1912ರ ಜೂನ್ 23ಕ್ಕೆ. ಅಪ್ಪ ಅಮ್ಮ ಇಂಡಿಯಾದಲ್ಲಿ, ಮಕ್ಕಳಿಬ್ಬರು ಇಂಗ್ಲೆಂಡಿನ ಕಡಲ ತೀರದ ಊರಿನಲ್ಲಿ ಬೇರೆಯವರ ಮನೆಯಲ್ಲಿ. ಅಲನ್ ಬೆಳೆದದ್ದು ಹೀಗೆ, ವರ್ಷಗಟ್ಟಲೆ ಮನೆಯವರ ಮುಖ ನೋಡದೆ. 1926ರಲ್ಲಿ ಶೆರ್ಬೋರ್ನ್ ಶಾಲೆಗೆ ಸೇರಬೇಕಾದ ದಿನ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ, ರೈಲು ಇಲ್ಲ. ಹುಡುಗ ಸೌತಾಂಪ್ಟನ್‌ನಿಂದ ಸೈಕಲ್ ಹತ್ತಿ, ದಾರಿಯಲ್ಲಿ ಒಂದು ರಾತ್ರಿ ಉಳಿದು, ಸುಮಾರು 60 ಮೈಲಿ ತುಳಿದುಕೊಂಡು ಶಾಲೆ ಸೇರಿದ.

ಆ ಶಾಲೆಯಲ್ಲಿ ಸಿಕ್ಕಿದ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್. ಒಂದು ವರ್ಷ ಸೀನಿಯರ್, ಗಣಿತ ಮತ್ತು ಖಗೋಳದ ಹುಚ್ಚು ಇಬ್ಬರಿಗೂ. ಅಲನ್‌ಗೆ ಅವನ ಮೇಲೆ ಇದ್ದದ್ದು ಬರೀ ಗೆಳೆತನ ಅಲ್ಲ, ಪ್ರೀತಿ. 1930ರ ಫೆಬ್ರವರಿ 13ರಂದು ಕ್ರಿಸ್ಟೋಫರ್ ಕ್ಷಯದಿಂದ ತೀರಿಕೊಂಡ. ಅಲನ್‌ಗೆ ಆಗ ಹದಿನೇಳು ವರ್ಷ, ನಮಗಿಂತ ಎರಡು ವರ್ಷ ಚಿಕ್ಕವನು.

ಆಮೇಲೆ ಅವನು ಕ್ರಿಸ್ಟೋಫರ್ ತಾಯಿಗೆ ಕಾಗದ ಬರೆಯುತ್ತಾ ಇದ್ದ, ಅವರ ಮನೆಗೂ ಹೋಗಿ ಬರುತ್ತಿದ್ದ. ಅವರಿಗಾಗಿ ಆತ್ಮದ ಬಗ್ಗೆ ಒಂದು ಚಿಕ್ಕ ಪ್ರಬಂಧ ಬರೆದುಕೊಟ್ಟ. ಅದರ ಸಾರಾಂಶ ಇಷ್ಟು. ಹಳೇ ವಿಜ್ಞಾನದ ಪ್ರಕಾರ ಈ ಕ್ಷಣದಲ್ಲಿ ಜಗತ್ತಿನ ಸ್ಥಿತಿ ಪೂರ್ತಿ ಗೊತ್ತಿದ್ದರೆ ಮುಂದಿನದ್ದೆಲ್ಲ ಲೆಕ್ಕ ಹಾಕಬಹುದು. ಆದರೆ ಕ್ವಾಂಟಮ್ ಭೌತಶಾಸ್ತ್ರ ಬಂದ ಮೇಲೆ ಅಣುಗಳ ಮಟ್ಟದಲ್ಲಿ ಹಾಗೆ ಹೇಳೋಕೆ ಆಗಲ್ಲ. ಮೆದುಳಿನ ಒಂದಿಷ್ಟು ಅಣುಗಳ ಆ ಅನಿಶ್ಚಿತತೆಯೇ ದೊಡ್ಡದಾಗಿ ನಮ್ಮ ಇಚ್ಛೆಯಾಗಿ ಕಾಣುತ್ತಿರಬಹುದು, ದೇಹ ಹೋದ ಮೇಲೂ ಚೇತನ ಉಳಿದಿರಬಹುದು. ಗೆಳೆಯ ಎಲ್ಲೋ ಇದ್ದಾನೆ ಅಂತ ನಂಬೋಕೆ ಫಿಸಿಕ್ಸ್‌ನಲ್ಲಿ ಜಾಗ ಹುಡುಕುತ್ತಿರುವ ಹುಡುಗ ಅದರಲ್ಲಿ ಕಾಣ್ತಾನೆ. ಮುಂದೆ ಟ್ಯೂರಿಂಗ್ ಈ ಥರ ನಂಬಿಕೆಗಳಿಂದ ದೂರ ಹೋದರು. ಆದರೆ ಲೆಕ್ಕಕ್ಕೆ ಸಿಗದ ಒಂದು ಚೂರು ಎಲ್ಲಿಂದಲಾದರೂ ಬರಬೇಕು ಅನ್ನುವ ಯೋಚನೆ ಅವರನ್ನು ಬಿಡಲಿಲ್ಲ ಅಂತ ನನಗೆ ಅನ್ನಿಸುತ್ತದೆ.

1931ರಲ್ಲಿ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜು. ಅಲ್ಲಿ ಫೆಲೋಶಿಪ್‌ಗೆ ಬರೆದ ಪ್ರಬಂಧದ ವಿಷಯ ಸೆಂಟ್ರಲ್ ಲಿಮಿಟ್ ಥಿಯರಮ್. ಹೌದು, ಎಂ-4ರಲ್ಲಿ ನಮ್ಮ ಜೀವ ತಿನ್ನುವ ಅದೇ ಪ್ರಾಬಬಿಲಿಟಿ. ಲಿಂಡೆಬರ್ಗ್ ಅನ್ನುವ ಗಣಿತಜ್ಞ ಅದನ್ನು ಮೊದಲೇ ಸಾಧಿಸಿಬಿಟ್ಟಿದ್ದ, ಟ್ಯೂರಿಂಗ್‌ಗೆ ಗೊತ್ತಿರಲಿಲ್ಲ. ಆದರೂ ಸ್ವಂತವಾಗಿ ಮಾಡಿದ್ದಾನೆ ಅಂತ 1935ರಲ್ಲಿ, 22ನೇ ವಯಸ್ಸಿಗೇ ಫೆಲೋ ಮಾಡಿದರು.

ಮುಂದಿನ ವರ್ಷ ಬಂದದ್ದು ಜಗತ್ಪ್ರಸಿದ್ಧ ಲೇಖನ, ಟ್ಯೂರಿಂಗ್ ಮೆಷಿನ್‌ದು. ಟೇಪ್, ಹೆಡ್, ಸ್ಟೇಟ್, ನಿಯಮಗಳ ಪಟ್ಟಿ. ಈಗಿನ ಸ್ಥಿತಿ ಗೊತ್ತಿದ್ದರೆ ಮುಂದಿನ ಹೆಜ್ಜೆ ಒಂದೇ ಒಂದು. ನಮ್ಮ ಸಿ ಲ್ಯಾಬ್‌ನ ರ‍್ಯಾಂಡ್ ಫಂಕ್ಷನ್ ಪ್ರತಿ ಸಲ ಅದೇ ಸಂಖ್ಯೆ ಕೊಡೋದು ಯಾಕೆ ಅನ್ನೋದಕ್ಕೆ ಇದಕ್ಕಿಂತ ಸರಳ ಉತ್ತರ ಇಲ್ಲ: ನಿಯಮ ಪಾಲಿಸುವ ಯಂತ್ರ ತನ್ನಷ್ಟಕ್ಕೆ ತಾನೇ ಹೊಸದೇನನ್ನೂ ತರೋಕೆ ಆಗಲ್ಲ. ಕ್ಲಾಸಿನಲ್ಲಿ ಸಾಮಾನ್ಯವಾಗಿ ಹೇಳದ ಒಂದು ವಿಷಯ ಇದೆ. ಅದೇ ಲೇಖನದ ಶುರುವಿನಲ್ಲಿ ಅವರು ಇನ್ನೊಂದು ಜಾತಿಯ ಯಂತ್ರವನ್ನೂ ಹೆಸರಿಸುತ್ತಾರೆ. ಅದು ಕೆಲವು ಕಡೆ ಬಂದು ನಿಂತುಬಿಡುತ್ತದೆ, ಹೊರಗಿನವರು ಯಾರಾದರೂ ಆಯ್ಕೆ ಮಾಡಿ ಕೊಟ್ಟರೆ ಮಾತ್ರ ಮುಂದಕ್ಕೆ ಹೋಗುತ್ತದೆ. ಆ ಲೇಖನಕ್ಕೆ ಅದು ಹೆಚ್ಚೇನೂ ಬೇಕಿರಲಿಲ್ಲ, ಹೇಳಿ ಅಲ್ಲಿಗೇ ಬಿಟ್ಟರು.

ಪ್ರಿನ್ಸ್‌ಟನ್‌ಗೆ ಹೋಗಿ, ಅಲೊನ್ಜೊ ಚರ್ಚ್ ಕೈಕೆಳಗೆ 1938ರಲ್ಲಿ ಪಿಎಚ್‌ಡಿ ಮುಗಿಸಿ ವಾಪಸ್ ಬಂದರು. 1939ರ ಸೆಪ್ಟೆಂಬರ್ 4ರಂದು, ಬ್ರಿಟನ್ ಯುದ್ಧ ಘೋಷಿಸಿದ ಮಾರನೇ ದಿನ, ಬ್ಲೆಚ್ಲಿ ಪಾರ್ಕ್‌ಗೆ ಹಾಜರು.

ಎನಿಗ್ಮಾ ಕತೆಯನ್ನು ಪೂರ್ತಿ ಹೇಳಲ್ಲ, ನಮಗೆ ಬೇಕಾದ ಒಂದು ಎಳೆ ಮಾತ್ರ. ಐದು ರೋಟರ್‌ಗಳಲ್ಲಿ ಮೂರು ಆರಿಸಿ, ಹತ್ತು ಪ್ಲಗ್ ವೈರ್ ಚುಚ್ಚುವ ಎನಿಗ್ಮಾಗೆ ಇದ್ದ ಸೆಟ್ಟಿಂಗ್‌ಗಳ ಸಂಖ್ಯೆ ಸುಮಾರು 159 ಅಂತ ಬರೆದು ಮುಂದೆ 18 ಸೊನ್ನೆ. ಲೆಕ್ಕ ನೋಡಿದರೆ ಯಾರೂ ಒಡೆಯೋಕೆ ಸಾಧ್ಯ ಇಲ್ಲ. ಆದರೆ ಸೈನ್ಯ ಮತ್ತು ವಾಯುಪಡೆಯಲ್ಲಿ ಪ್ರತಿ ಸಂದೇಶಕ್ಕೂ ಮೂರು ಅಕ್ಷರಗಳನ್ನು ಆಪರೇಟರೇ ಮನಸ್ಸಿಗೆ ಬಂದ ಹಾಗೆ ಆರಿಸಬೇಕಿತ್ತು. ಮನಸ್ಸಿಗೆ ಏನು ಬರುತ್ತೆ ಹೇಳಿ? ಕೀಬೋರ್ಡ್‌ನಲ್ಲಿ ಅಕ್ಕಪಕ್ಕದ ಮೂರು ಕೀ. ಗರ್ಲ್‌ಫ್ರೆಂಡ್ ಹೆಸರಿನ ಅಕ್ಷರಗಳು. ಮೊದಲ ಮೂರಕ್ಕೆ ಹಿಟ್ ಅಂತ ಹಾಕಿದರೆ ಮುಂದಿನ ಮೂರು ಲರ್. ಹಾಸ್ಟೆಲ್ ವೈಫೈ ಪಾಸ್‌ವರ್ಡ್ ಇಡುವ ನಮಗೂ ಅವರಿಗೂ ವ್ಯತ್ಯಾಸ ಇಲ್ಲ ಬಿಡಿ. ಇಂಥ ಆಲಸ್ಯಗಳನ್ನು ಹುಡುಕೋದೇ ಬ್ಲೆಚ್ಲಿಯಲ್ಲಿ ಒಂದು ವಿದ್ಯೆಯಾಯ್ತು. ಯಂತ್ರದ ರಚನೆಯಲ್ಲೇ ಇನ್ನೊಂದು ಬಿರುಕು: ಯಾವ ಅಕ್ಷರವೂ ಅದೇ ಅಕ್ಷರವಾಗಿ ಹೊರಗೆ ಬರುತ್ತಿರಲಿಲ್ಲ. ನಿಜವಾಗಿ ರ‍್ಯಾಂಡಮ್ ಆಗಿದ್ದರೆ 26ರಲ್ಲಿ ಒಂದು ಸಲ ಹಾಗೆ ಆಗಲೇಬೇಕು. ಸಂದೇಶದಲ್ಲಿ ಇರಬಹುದು ಅಂತ ಊಹಿಸಿದ ಒಂದು ಪದವನ್ನು ಎಲ್ಲಿ ಕೂರಿಸೋದು ಅನ್ನೋಕೆ ಇದು ಸಹಾಯ ಮಾಡಿತು. ಪೋಲೆಂಡಿನ ಗಣಿತಜ್ಞರು ಯುದ್ಧಕ್ಕೆ ಮುಂಚೆಯೇ ಹಾಕಿಕೊಟ್ಟಿದ್ದ ದಾರಿಯ ಮೇಲೆ ಟ್ಯೂರಿಂಗ್ ಇಂಥ ಊಹೆಗಳನ್ನು ಬಳಸುವ ಬಾಂಬ್ ಯಂತ್ರ ವಿನ್ಯಾಸ ಮಾಡಿದರು. 1940ರ ಮಾರ್ಚ್‌ನಲ್ಲಿ ಮೊದಲನೆಯದು ಬಂತು. ಅವರು ತಾವಾಗಿ ಎತ್ತಿಕೊಂಡದ್ದು ಎಲ್ಲರೂ ಕೈಬಿಟ್ಟಿದ್ದ ನೌಕಾಪಡೆಯ ಎನಿಗ್ಮಾವನ್ನು. ಅಲ್ಲಿ ಆಪರೇಟರ್‌ಗೆ ಅಷ್ಟು ಸಡಿಲ ಬಿಟ್ಟಿರಲಿಲ್ಲ, ಪುಸ್ತಕ ಮತ್ತು ಕೋಷ್ಟಕ ನೋಡಿಯೇ ಅಕ್ಷರ ಹಾಕಬೇಕಿತ್ತು. ಅದಕ್ಕೇ ಅದು ಅಷ್ಟು ಸತಾಯಿಸಿತು.

ಮುಂದೆ ಲೊರೆನ್ಜ್ ಅನ್ನುವ ಇನ್ನೂ ದೊಡ್ಡ ಜರ್ಮನ್ ಯಂತ್ರ. ಹನ್ನೆರಡು ಚಕ್ರ ತಿರುಗಿಸಿ ರ‍್ಯಾಂಡಮ್ ಥರ ಕಾಣುವ ಬಿಟ್‌ಗಳನ್ನು ಮಾಡಿ ಸಂದೇಶಕ್ಕೆ ಎಕ್ಸಾರ್ ಮಾಡೋದು. ಒಬ್ಬ ಆಪರೇಟರ್ 1941ರ ಆಗಸ್ಟ್‌ನಲ್ಲಿ ಒಂದೇ ಸೆಟ್ಟಿಂಗ್‌ನಲ್ಲಿ ಸುಮಾರು ಅದೇ ಸಂದೇಶವನ್ನು ಎರಡು ಸಲ ಕಳಿಸಿದ, ಅಷ್ಟೇ. ಬಿಲ್ ಟಟ್ ಎಂಬುವರು ಯಂತ್ರ ಕಣ್ಣಲ್ಲಿ ನೋಡದೆಯೇ ಅದರ ಒಳಗಿನ ರಚನೆ ಹೇಳಿಬಿಟ್ಟರು. ಚಕ್ರಗಳ ಮೇಲಿನ ಪಿನ್‌ಗಳ ವಿನ್ಯಾಸ ಕಂಡುಹಿಡಿಯುವ ಒಂದು ವಿಧಾನವನ್ನು 1942ರಲ್ಲಿ ಟ್ಯೂರಿಂಗ್ ಕೊಟ್ಟರು. ರ‍್ಯಾಂಡಮ್ ಥರ ಕಾಣೋದು ಬೇರೆ, ರ‍್ಯಾಂಡಮ್ ಆಗಿರೋದು ಬೇರೆ ಅಂತ ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?

ನಿಜವಾದ ರ‍್ಯಾಂಡಮ್ ಹೇಗಿರುತ್ತೆ ಅಂತ ಹತ್ತಿರದಿಂದ ನೋಡುವ ಅವಕಾಶವೂ ಬಂತು. 1942ರ ನವೆಂಬರ್‌ನಲ್ಲಿ ಹಡಗಿನಲ್ಲಿ ಅಮೆರಿಕಕ್ಕೆ ಹೋದರು. ಮುಂದಿನ ವರ್ಷದ ಶುರುವಿನಲ್ಲಿ ನ್ಯೂಯಾರ್ಕ್‌ನ ಬೆಲ್ ಲ್ಯಾಬ್ಸ್‌ನಲ್ಲಿ ಸಿಗ್ಸ್ಯಾಲಿ ಅನ್ನುವ ಗುಪ್ತ ಟೆಲಿಫೋನ್ ವ್ಯವಸ್ಥೆಯನ್ನು ಪರೀಕ್ಷೆ ಮಾಡಿದರು, ಬ್ರಿಟನ್ ಪರವಾಗಿ. ರೂಸ್‌ವೆಲ್ಟ್ ಕಡೆಯವರೂ ಚರ್ಚಿಲ್ ಕಡೆಯವರೂ ಅಟ್ಲಾಂಟಿಕ್ ಆಚೆ ಈಚೆ ಮಾತಾಡೋಕೆ ಮಾಡಿದ್ದು. ಒಂದು ಟರ್ಮಿನಲ್ಲೇ ಸುಮಾರು 50 ಟನ್‌ಗೂ ಹೆಚ್ಚು ತೂಕ! ಅದರ ಕೀ ಎಲ್ಲಿಂದ ಬರುತ್ತಿತ್ತು ಅಂದರೆ, ಪಾದರಸದ ಆವಿ ತುಂಬಿದ ದೊಡ್ಡ ವಾಲ್ವ್‌ಗಳ ನಾಯ್ಸ್‌ನಿಂದ. ಆ ನಾಯ್ಸನ್ನು ಅಳೆದು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿ, ಎರಡೇ ಎರಡು ಪ್ರತಿ ಮಾಡಿ, ಒಂದನ್ನು ಆ ಕಡೆ ಇನ್ನೊಂದನ್ನು ಈ ಕಡೆ ಇಟ್ಟು, ಒಟ್ಟಿಗೆ ತಿರುಗಿಸಿ, ಮಾತು ಮುಗಿದ ಮೇಲೆ ನಾಶ ಮಾಡುತ್ತಿದ್ದರು. ಅದಕ್ಕೆ ನಿಯಮ ಇಲ್ಲ, ಚಕ್ರ ಇಲ್ಲ, ಆಲಸಿ ಆಪರೇಟರ್ ಇಲ್ಲ. ಕೇಳಿಸಿಕೊಂಡ ಜರ್ಮನ್ನರಿಗೆ ಅದರಿಂದ ಏನೂ ಸಿಗಲಿಲ್ಲ. ಅಂದಹಾಗೆ, ರೆಸಿಸ್ಟರ್‌ನಲ್ಲಿ ಎಲೆಕ್ಟ್ರಾನ್‌ಗಳ ಶಾಖದ ಕುಣಿತದಿಂದ ನಾಯ್ಸ್ ಹುಟ್ಟುತ್ತದೆ ಅಂತ ಜಾನ್ಸನ್ ಅಳೆದದ್ದು, ನೈಕ್ವಿಸ್ಟ್ ಲೆಕ್ಕದಲ್ಲಿ ವಿವರಿಸಿದ್ದು ಅದೇ ಬೆಲ್ ಲ್ಯಾಬ್ಸ್‌ನಲ್ಲಿ, 1928ರಲ್ಲಿ.

ವಾಪಸ್ ಬಂದು ಹ್ಯಾನ್ಸ್‌ಲೋಪ್ ಪಾರ್ಕ್‌ನಲ್ಲಿ ಡೊನಾಲ್ಡ್ ಬೇಲಿ ಅನ್ನುವ ಯುವ ಎಂಜಿನಿಯರ್ ಜೊತೆ ತಾವೇ ಸಾಲ್ಡರಿಂಗ್ ಮಾಡುತ್ತಾ ಡಿಲೈಲಾ ಅಂತ ಒಂದು ಪುಟ್ಟ ಮಾತಿನ ಸೈಫರ್ ಯಂತ್ರ ಕಟ್ಟಿದರು. ಇಲ್ಲಿ ತಟ್ಟೆ ಸಾಗಿಸುವ ರಗಳೆ ಇಲ್ಲ, ಎರಡೂ ಕಡೆ ಯಂತ್ರವೇ ಒಂದೇ ಕೀ ಹುಟ್ಟಿಸಬೇಕು, ಅಂದರೆ ನಾಯ್ಸ್ ಬಳಸುವ ಹಾಗಿಲ್ಲ. ಎರಡೂ ಬಗೆಯ ಲಾಭ ನಷ್ಟ ಕೈಯಾರೆ ಗೊತ್ತಾಗಿತ್ತು ಅವರಿಗೆ. ಡಿಲೈಲಾ ಕೆಲಸ ಮಾಡಿತು, ಅಷ್ಟರಲ್ಲಿ ಯುದ್ಧ ಮುಗಿದಿತ್ತು.

ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಮೂರು ವರ್ಷ ಬೇಗ ಹೇಳಿ ಮುಗಿಸ್ತೀನಿ. ಏಸ್ ಅನ್ನುವ ಕಂಪ್ಯೂಟರ್‌ನ ಪೂರ್ಣ ವಿನ್ಯಾಸ ಬರೆದುಕೊಟ್ಟರು, ಕಟ್ಟೋದು ತಡವಾಗ್ತಾ ಹೋಯ್ತು, ಬೇಜಾರಾಗಿ ಬಿಟ್ಟರು. ಆ ನಡುವೆ 1947ರಲ್ಲಿ ಮ್ಯಾರಥಾನ್ ಅನ್ನು 2 ಗಂಟೆ 46 ನಿಮಿಷದಲ್ಲಿ ಓಡಿದ್ದಾರೆ. ಕ್ರಾಸ್ ಕಂಟ್ರಿಗೆ ಹೆಸರು ಕೊಟ್ಟು ಆ ದಿನ ನಾಪತ್ತೆಯಾಗುವ ನನ್ನಂಥವರು ಗಮನಿಸಬೇಕು.

1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ. ಅಲ್ಲಿ ಫ್ರೆಡ್ಡಿ ವಿಲಿಯಮ್ಸ್ ಮತ್ತು ಟಾಮ್ ಕಿಲ್ಬರ್ನ್ ಆ ಜೂನ್‌ನಲ್ಲೇ, ಪ್ರೋಗ್ರಾಮನ್ನು ಮೆಮೊರಿಯಲ್ಲೇ ಇಟ್ಟು ಓಡಿಸುವ ಪುಟ್ಟ ಕಂಪ್ಯೂಟರ್ ಕಟ್ಟಿದ್ದರು. ಅದು ಬೆಳೆದು, ಫೆರಾಂಟಿ ಕಂಪನಿ ತಯಾರಿಸಿದ ಫೆರಾಂಟಿ ಮಾರ್ಕ್ 1 ಆಗಿ 1951ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯಕ್ಕೆ ಬಂತು. ಓಎಸ್ ಅನ್ನುವ ಮಾತೇ ಇಲ್ಲದ ಕಾಲ. ಇನ್‌ಸ್ಟ್ರಕ್ಷನ್‌ಗಳನ್ನು ಟೆಲಿಪ್ರಿಂಟರ್ ಅಕ್ಷರಗಳಲ್ಲಿ, 32ರ ಬೇಸ್‌ನಲ್ಲಿ, ಅದೂ ಹಿಂದುಮುಂದಾಗಿ ಬರೆಯಬೇಕಿತ್ತು. ಪ್ರೋಗ್ರಾಮರ್‌ಗಳ ಕೈಪಿಡಿ ಬರೆದವರು ಟ್ಯೂರಿಂಗ್ ಅವರೇ. ಅವರಿಗೆ ಅದು ಸಲೀಸು, ಉಳಿದವರ ಕಷ್ಟ ಅವರಿಗೆ ಅಷ್ಟಾಗಿ ಅರ್ಥ ಆಗುತ್ತಿರಲಿಲ್ಲ ಅನ್ಸುತ್ತೆ.

ಆ ಯಂತ್ರದಲ್ಲಿ ಅವರ ಒತ್ತಾಯಕ್ಕೆ ಸೇರಿದ ಇನ್‌ಸ್ಟ್ರಕ್ಷನ್ ಅದು. ಕೂಡು, ಗುಣಿಸು, ಜಂಪ್ ಮಾಡು ಅನ್ನೋದರ ಜೊತೆಗೆ, ಎಲೆಕ್ಟ್ರಾನಿಕ್ ನಾಯ್ಸ್‌ನಿಂದ 20 ಬಿಟ್ ತೆಗೆದು ಅಕ್ಯುಮುಲೇಟರ್‌ಗೆ ಹಾಕು ಅನ್ನುವ ಒಂದು ಸಾಲು. 1936ರಲ್ಲಿ ಹೊರಗಿನ ಆಯ್ಕೆಗಾಗಿ ಕಾಯುತ್ತಾ ನಿಂತಿದ್ದ ಯಂತ್ರಕ್ಕೆ ಹದಿನೈದು ವರ್ಷದ ಮೇಲೆ ವೈರ್ ಎಳೆದು ಕೊಟ್ಟ ಹಾಗೆ.

ಅವರಿಗೆ ಅದು ಬೇಕಾಗಿದ್ದು ಗೂಢಲಿಪಿಗೆ ಅಲ್ಲ, ಯೋಚಿಸುವ ಯಂತ್ರಕ್ಕೆ. 1950ರ ಅವರ ಲೇಖನದಲ್ಲಿ, ಟ್ಯೂರಿಂಗ್ ಟೆಸ್ಟ್ ಬರುವ ಅದೇ ಲೇಖನದಲ್ಲಿ, ಒಂದು ಸಣ್ಣ ಲೆಕ್ಕ ಇದೆ. 50 ಮತ್ತು 200ರ ನಡುವೆ, ತನ್ನ ಅಂಕಿಗಳ ಮೊತ್ತದ ವರ್ಗಕ್ಕೆ ಸಮ ಆಗಿರುವ ಸಂಖ್ಯೆ ಹುಡುಕಬೇಕು. 51, 52, 53 ಅಂತ ಕ್ರಮವಾಗಿ ಹೋಗಬಹುದು. ಇಲ್ಲ ಅಂದರೆ ಸುಮ್ಮನೆ ಒಂದೊಂದು ಸಂಖ್ಯೆ ಎತ್ತಿ ನೋಡುತ್ತಾ ಹೋಗಬಹುದು. ಎರಡನೆಯದರಲ್ಲಿ ಯಾವುದನ್ನು ನೋಡಿದ್ದೀವಿ ಅಂತ ಬರೆದಿಡುವ ಗೋಜಿಲ್ಲ, ನೋಡಿದ್ದನ್ನೇ ಮತ್ತೆ ನೋಡುವ ಅಪಾಯ ಇದೆ, ಆದರೆ ಉತ್ತರಗಳು ಬೇಕಾದಷ್ಟಿದ್ದರೆ ಅದು ದೊಡ್ಡ ವಿಷಯ ಅಲ್ಲ. ಕ್ರಮವಾಗಿ ಹೋಗುವವನು ಉತ್ತರವೇ ಇಲ್ಲದ ದೊಡ್ಡ ಬಯಲನ್ನು ಮೊದಲು ಸುತ್ತಬೇಕಾಗಬಹುದು. (ಉತ್ತರ 81. ನಾನು ಕ್ರಮವಾಗಿಯೇ ಹೋದೆ.) ಕಲಿಯೋದೂ ಇಂಥ ಒಂದು ಹುಡುಕಾಟವೇ, ಹಾಗಾಗಿ ಕಲಿಯುವ ಯಂತ್ರಕ್ಕೆ ರ‍್ಯಾಂಡಮ್ ಬೇಕು ಅನ್ನೋದು ಅವರ ವಾದ. ಇವತ್ತು ನ್ಯೂರಲ್ ನೆಟ್‌ವರ್ಕ್‌ನ ವೇಟ್‌ಗಳಿಗೆ ರ‍್ಯಾಂಡಮ್ ಸಂಖ್ಯೆ ತುಂಬಿ ಟ್ರೇನ್ ಮಾಡುವ ನಮಗೆ ಇದು ಮಾಮೂಲಿ.

ಆ ಇನ್‌ಸ್ಟ್ರಕ್ಷನನ್ನು ತಮಾಷೆಗೆ ಬಳಸಿದವರು ಕ್ರಿಸ್ಟೋಫರ್ ಸ್ಟ್ರೇಚಿ. 1952ರಲ್ಲಿ ಮಾರ್ಕ್ 1 ಕೈಯಲ್ಲಿ ಪ್ರೇಮಪತ್ರ ಬರೆಸಿದರು, ನಾಯ್ಸ್ ನೋಡಿ ಪದ ಆರಿಸೋದು, ಕೊನೆಗೆ ವಿಶ್ವವಿದ್ಯಾಲಯದ ಕಂಪ್ಯೂಟರ್ ಅಂತ ಸಹಿ. ತಲೆನೋವೂ ಇತ್ತು. ಪ್ರತಿ ಸಲ ಬೇರೆ ದಾರಿ ಹಿಡಿಯುವ ಪ್ರೋಗ್ರಾಮ್‌ನಲ್ಲಿ ಬಗ್ ಬಂದರೆ ಅದನ್ನು ಮತ್ತೆ ಹುಟ್ಟಿಸಿ ನೋಡೋದು ಹೇಗೆ? ಯಾರೋ ಡೀಬಗ್ ಮಾಡಬೇಕಾದವರ ಹೊಟ್ಟೆ ಉರಿ ನನಗೆ ಅರ್ಥ ಆಗುತ್ತೆ.

ಈಗ ನನಗೆ ತುಂಬಾ ಹಿಡಿಸಿದ ಭಾಗ. ಅದೇ 1950ರ ಲೇಖನದಲ್ಲಿ ಟ್ಯೂರಿಂಗ್ ಇನ್ನೆರಡು ಮಾತು ಹೇಳಿದ್ದಾರೆ. ಒಂದು, ಮ್ಯಾಂಚೆಸ್ಟರ್ ಯಂತ್ರದ ಮೇಲೆ ಬರೀ 1000 ಘಟಕದಷ್ಟು ಮೆಮೊರಿ ಬಳಸಿ ಅವರು ಒಂದು ಪ್ರೋಗ್ರಾಮ್ ಇಟ್ಟಿದ್ದರು. 16 ಅಂಕಿಯ ಸಂಖ್ಯೆ ಕೊಟ್ಟರೆ ಎರಡು ಸೆಕೆಂಡಿನಲ್ಲಿ ಇನ್ನೊಂದು ಸಂಖ್ಯೆ ಬರುತ್ತದೆ. ಉತ್ತರಗಳನ್ನಷ್ಟೇ ನೋಡಿ ಒಳಗೇನಿದೆ ಅಂತ ಹೇಳಿ ನೋಡೋಣ ಅಂತ ಸವಾಲು ಹಾಕಿದ್ದಾರೆ. ಅದರಲ್ಲಿ ನಾಯ್ಸ್ ಇಲ್ಲ, ಬರೀ ನಿಯಮ. ಎರಡು, ಯಂತ್ರವನ್ನು ಹೊರಗಿನಿಂದ ನೋಡಿ ಅದರೊಳಗೆ ರ‍್ಯಾಂಡಮ್ ಅಂಶ ಇದೆಯೋ ಇಲ್ಲವೋ ಅಂತ ಸಾಮಾನ್ಯವಾಗಿ ಹೇಳೋಕೆ ಆಗಲ್ಲ, ಪೈನ ಅಂಕಿಗಳನ್ನು ನೋಡಿ ಆಯ್ಕೆ ಮಾಡುವ ಯಂತ್ರವೂ ಹಾಗೇ ಕಾಣುತ್ತದೆ ಅಂತ.

ಈ ಎರಡನೇ ಮಾತೇ ಇವತ್ತು ಓಎಸ್ ಬರೆಯುವವರ ನಿದ್ದೆ ಕೆಡಿಸುವ ಪ್ರಶ್ನೆ. 2012ರಿಂದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಆರ್‌ಡಿರ‍್ಯಾಂಡ್ ಅಂತ ಒಂದು ಇನ್‌ಸ್ಟ್ರಕ್ಷನ್ ಇದೆ, ಮಾರ್ಕ್ 1ರದ್ದರ ಮೊಮ್ಮಗ ಅನ್ನಿ. ಚಿಪ್ ನಾಯ್ಸ್‌ನಿಂದ ಬಿಟ್ ಕೊಡುತ್ತದೆ. ನಿಜವಾಗಲೂ ನಾಯ್ಸೋ, ಇಲ್ಲಾ ಒಳಗೆ ಯಾರಿಗೋ ಗೊತ್ತಿರುವ ಒಂದು ಕೀ ಇಟ್ಟು ಮಾಡಿದ ಲೆಕ್ಕವೋ? ಹೊರಗಿನಿಂದ ಎಷ್ಟು ಸ್ಟ್ಯಾಟಿಸ್ಟಿಕಲ್ ಟೆಸ್ಟ್ ಓಡಿಸಿದರೂ ಎರಡೂ ಪಾಸ್. ನಮ್ಮ ಬ್ಯಾಂಕ್ ಆ್ಯಪ್‌ನ ಕೀಗಳು, ಸರ್ವರ್‌ಗಳ ಎಸ್‌ಎಸ್‌ಎಚ್ ಕೀಗಳು ಎಲ್ಲ ಈ ಬಿಟ್‌ಗಳಿಂದ ಹುಟ್ಟೋದು. 2013ರಲ್ಲಿ ಸ್ನೋಡೆನ್ ದಾಖಲೆಗಳು ಬಂದ ಮೇಲೆ ಫ್ರೀಬಿಎಸ್‌ಡಿಯವರು ಚಿಪ್ ಕೊಡುವ ಬಿಟ್‌ಗಳನ್ನು ನೇರವಾಗಿ ಬಳಕೆದಾರರಿಗೆ ಕೊಡಬಾರದು, ಬೇರೆ ಮೂಲಗಳ ಜೊತೆ ಕಲಸಿಯೇ ಕೊಡಬೇಕು ಅಂತ ತೀರ್ಮಾನಿಸಿದರು. ಲಿನಕ್ಸ್‌ನಲ್ಲೂ ಕಲಸೋದೇ ಪದ್ಧತಿ: ಇಂಟರಪ್ಟ್‌ಗಳು ಬಂದ ಸಮಯ, ಕೀಬೋರ್ಡ್, ಡಿಸ್ಕ್, ಹಾರ್ಡ್‌ವೇರ್ ಜನರೇಟರ್, ಎಲ್ಲ ಒಂದು ಪೂಲ್‌ಗೆ. ಚಿಪ್‌ನ ಮಾತನ್ನು ಎಷ್ಟು ನಂಬಬೇಕು ಅನ್ನೋದಕ್ಕೆ ಕರ್ನಲ್‌ನಲ್ಲಿ ಒಂದು ಆಯ್ಕೆಯೇ ಇದೆ. ಹಬ್ಬದಲ್ಲಿ ಇಸ್ಪೀಟ್ ಆಡೋಕೆ ಕೂತಾಗ ಎಲೆ ಕಲೆಸಿ ಪಕ್ಕದವರಿಗೆ ಕೊಡ್ತೀವಲ್ಲ, ಹಾಗೆ. ಕೂತವರಲ್ಲಿ ಮೋಸ ಮಾಡುವವರಿದ್ದರೂ, ಒಬ್ಬರು ಕಣ್ಣು ಮುಚ್ಚಿ ನೆಟ್ಟಗೆ ಕಲೆಸಿದರೆ ಸಾಕು, ಕಟ್ಟು ಕಲೆತೇ ಇರುತ್ತದೆ.

ಮೋಸವೇ ಬೇಕಿಲ್ಲ, ಬರೀ ಬಗ್ ಸಾಕು. 2019ರಲ್ಲಿ ಹೊಸ ರೈಜನ್ 3000 ಪ್ರೊಸೆಸರ್‌ಗಳಲ್ಲಿ ಆರ್‌ಡಿರ‍್ಯಾಂಡ್ ಕೇಳಿದಾಗಲೆಲ್ಲ ಎಲ್ಲ ಬಿಟ್‌ಗಳೂ ಒಂದು ಅಂತ ಬರುತ್ತಿತ್ತು. ಅದನ್ನೇ ನಂಬಿದ್ದ ಕೆಲವು ಲಿನಕ್ಸ್ ಡಿಸ್ಟ್ರೋಗಳು ಬೂಟ್ ಆಗಲಿಲ್ಲ, ಡೆಸ್ಟಿನಿ 2 ಗೇಮ್ ಶುರುವಾಗಲಿಲ್ಲ. ಬಯಾಸ್ ಅಪ್‌ಡೇಟ್ ಬರುವ ತನಕ ಗೇಮ್ ಆಡುವವರ ಗೋಳು ಕೇಳೋರಿಲ್ಲ.

ಟ್ಯೂರಿಂಗ್ ಕಡೆ ವಾಪಸ್ ಬರೋಣ. 1951ರ ಮೇ ತಿಂಗಳಲ್ಲಿ ಬಿಬಿಸಿ ರೇಡಿಯೋದಲ್ಲಿ ಯಂತ್ರ ಯೋಚಿಸಬಲ್ಲದೇ ಅಂತ ಒಂದು ಭಾಷಣ ಮಾಡಿದರು. ಸ್ವತಂತ್ರ ಇಚ್ಛೆ ಇರುವ ಹಾಗೆ ಯಂತ್ರ ಕಾಣಬೇಕಾದರೆ ಒಳಗೆ ಜೂಜಿನ ಚಕ್ರದಂಥದ್ದೋ ಒಂದಿಷ್ಟು ರೇಡಿಯಮ್ಮೋ ಇಡಬಹುದು ಅನ್ನುವ ಅರ್ಥದ ಮಾತು ಅದರಲ್ಲಿದೆ. ಇಪ್ಪತ್ತು ವರ್ಷದ ಹಿಂದೆ ಗೆಳೆಯನ ತಾಯಿಗೆ ಬರೆದುಕೊಟ್ಟ ಹಾಳೆಗಳಲ್ಲಿದ್ದ ಅಣುಗಳೇ ಇವು ಅಂತ ನನಗೆ ಅನ್ನಿಸ್ತು.

ಅದೇ ವರ್ಷ ರಾಯಲ್ ಸೊಸೈಟಿ ಫೆಲೋ. ಮರುವರ್ಷ ಬಂದ ಜೀವಶಾಸ್ತ್ರದ ಲೇಖನದಲ್ಲೂ ನಾಯ್ಸೇ ಬೀಜ. ಎರಡು ರಾಸಾಯನಿಕಗಳು ಬೆರೆಯುತ್ತಾ ಹರಡುತ್ತಾ ಇರುವಾಗ ಎಲ್ಲ ಕಡೆ ಸಮನಾಗಿದ್ದರೆ ಏನೂ ಆಗಲ್ಲ, ಎಲ್ಲೋ ಒಂದು ಚೂರು ಏರುಪೇರಾದರೆ ಅದೇ ಬೆಳೆದು ಚುಕ್ಕೆ, ಪಟ್ಟೆ ಆಗುತ್ತದೆ. ಪ್ರಾಣಿಗಳ ಮೈಮೇಲಿನ ಪಟ್ಟೆಗೂ ಇಂಥದ್ದೇ ಕಾರಣ ಇರಬಹುದು ಅಂತ ಅವರ ಊಹೆ. ಲೆಕ್ಕ ಮಾಡೋಕೆ ರಾತ್ರಿಯೆಲ್ಲ ಮಾರ್ಕ್ 1 ಮುಂದೆ ಕೂರುತ್ತಿದ್ದರು.

1952ರ ಜನವರಿಯಲ್ಲಿ ಅವರ ಮನೆಯಲ್ಲಿ ಕಳ್ಳತನ ಆಯ್ತು. ಪೊಲೀಸರಿಗೆ ದೂರು ಕೊಟ್ಟರು. ವಿಚಾರಣೆಯಲ್ಲಿ ಒಬ್ಬ ಯುವಕನ ಜೊತೆ ತಮಗಿದ್ದ ಸಂಬಂಧವನ್ನು ಮುಚ್ಚಿಡದೆ ಹೇಳಿದರು. ಕಳ್ಳನ ಕೇಸು ಪಕ್ಕಕ್ಕೆ ಹೋಗಿ ಇವರ ಮೇಲೆ ಕೇಸಾಯ್ತು, ಆಗಿನ ಇಂಗ್ಲೆಂಡಿನಲ್ಲಿ ಅದು ಅಪರಾಧ. ಮಾರ್ಚ್ 31ಕ್ಕೆ ಶಿಕ್ಷೆ: ಜೈಲು, ಇಲ್ಲವೇ ಒಂದು ವರ್ಷ ಹೆಣ್ಣು ಹಾರ್ಮೋನ್ ಚಿಕಿತ್ಸೆ. ಎರಡನೆಯದನ್ನು ಒಪ್ಪಿಕೊಂಡರು. ಯುದ್ಧದ ಆಮೇಲೂ ಸರ್ಕಾರಕ್ಕೆ ಗೂಢಲಿಪಿಯ ಸಲಹೆ ಕೊಡುತ್ತಿದ್ದರು, ಅದನ್ನೂ ಕಿತ್ತುಕೊಂಡರು. ಇವರು ಎನಿಗ್ಮಾಗೆ ಮಾಡಿದ್ದು ಏನು ಅಂತ ಕೋರ್ಟಿನಲ್ಲಿ ಕೂತವರಿಗೆ ತಿಳಿಯುವ ಹಾಗಿರಲಿಲ್ಲ, ಅದು ಇನ್ನೂ ಇಪ್ಪತ್ತು ವರ್ಷ ಗುಟ್ಟು. ಇವರೂ ಬಾಯಿ ಬಿಡಲಿಲ್ಲ.

1954ರ ಜೂನ್ 8ರಂದು ಮನೆಗೆಲಸದವರು ಬಂದು ನೋಡಿದಾಗ ಟ್ಯೂರಿಂಗ್ ಹಾಸಿಗೆಯಲ್ಲಿ ತೀರಿಕೊಂಡಿದ್ದರು, ಪಕ್ಕದಲ್ಲಿ ಕಚ್ಚಿದ ಸೇಬು. ಸಯನೈಡ್. ಆತ್ಮಹತ್ಯೆ ಅಂತ ತೀರ್ಪು ಬಂತು. ಮನೆಯಲ್ಲೇ ಮಾಡುತ್ತಿದ್ದ ಚಿನ್ನದ ಲೇಪನದ ಪ್ರಯೋಗದಿಂದ ಆಕಸ್ಮಿಕವಾಗಿ ವಿಷ ಸೇರಿರಬೇಕು ಅಂತ ತಾಯಿ ಕೊನೆವರೆಗೂ ನಂಬಿದ್ದರು. 42 ತುಂಬೋಕೆ ಎರಡು ವಾರ ಬಾಕಿ ಇತ್ತು.

ಮೂರು ವರ್ಷ ಆದ ಮೇಲೆ, 1957ರಲ್ಲಿ, ಲೊರೆನ್ಜ್ ಒಡೆಯೋಕೆ ಕಲಾಸಸ್ ಕಟ್ಟಿಕೊಟ್ಟಿದ್ದ ಬ್ರಿಟಿಷ್ ಪೋಸ್ಟ್ ಆಫೀಸಿನ ಎಂಜಿನಿಯರ್‌ಗಳು ನಿಯಾನ್ ಟ್ಯೂಬ್‌ಗಳ ನಾಯ್ಸ್‌ನಿಂದ ಸರ್ಕಾರಿ ಬಾಂಡ್‌ಗಳ ಲಾಟರಿ ನಂಬರ್ ಎತ್ತುವ ಎರ್ನಿ ಅನ್ನುವ ಯಂತ್ರ ಮಾಡಿದರು. 1999ರಲ್ಲಿ ಇಂಟೆಲ್ ತನ್ನ 810 ಚಿಪ್‌ಸೆಟ್ ಜೊತೆ ನಾಯ್ಸ್ ಜನರೇಟರ್ ಕೊಟ್ಟಿತು. ಲಿನಕ್ಸ್‌ನಲ್ಲಿ ಅದಕ್ಕೊಂದು ಡ್ರೈವರ್ ಬಂತು, ನಾನು ನೋಡಿದ ಫೋಲ್ಡರ್‌ನಲ್ಲಿ ಅದು ಈಗಲೂ ಇದೆ. 2009ರಲ್ಲಿ ಬ್ರಿಟನ್ ಪ್ರಧಾನಿ ಟ್ಯೂರಿಂಗ್ ವಿಷಯದಲ್ಲಿ ಕ್ಷಮೆ ಕೇಳಿದರು. ಫ್ರೀಬಿಎಸ್‌ಡಿಯವರು ಚಿಪ್ ಒಂದನ್ನೇ ನಂಬಬಾರದು ಅಂತ ತೀರ್ಮಾನಿಸಿದ ಅದೇ 2013ರಲ್ಲಿ, ಕ್ರಿಸ್‌ಮಸ್ ಹಿಂದಿನ ದಿನ, ರಾಣಿಯ ಕ್ಷಮಾದಾನ ಬಂತು.